ಫ್ಯಾನಿನ ಕೆಳಗಿನ ಕುರ್ಚಿ

ಮಕ್ಕಳ ಕ್ಲಿನಿಕ್ಕಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಯ ಮೇಲೆ ಕೈಚೀಲವೊಂದು ಹಾಯಾಗಿ ಕೂತಿತ್ತು. ಅಕ್ಕನ ಮಗುವನ್ನೆತ್ತಿಕೊಂಡು ನಿಂತಿದ್ದ ಸೋದರಮಾವನಿಗೆ, "ನಮ್ಮ ಫ್ರೆಂಡ್ ಬರ್ತಾಳೆ" ಎಂದು ಆಗಲೇ ಹೇಳಿಯಾಗಿತ್ತು. ಚೀಲದ ಆಚೆಗೊಬ್ಬಳು, ಈಚೆಗೊಬ್ಬಳು ಹೊಸ ತಾಯಂದಿರು.

"ನಿನ್ನ ಹಾಲು ಸಾಲಲ್ಲ, ಅದಕ್ಕೇ ಮಗು ಅಳುತ್ತೆ ಅಂತ ತಾಯಂದಿರ ಗ್ರೂಪಲ್ಲಿ ಎಲ್ಲರೆದುರಿಗೇ ಅವಳು ನನಗೆ ಬರೆದಳು ಕಣೇ."

"ಅವಳ ಮಗು ಮಾತ್ರ ರಾತ್ರಿಯಿಡೀ ಗಡದ್ದಾಗಿ ನಿದ್ದೆ ಮಾಡುತ್ತಂತೆ."

"ಸಾಕಾಯ್ತು. ಗ್ರೂಪಿಂದ ತೆಗೆದುಬಿಡೋಣ."

"ತೆಗೆಯೋಣ. ಆದ್ರೆ ಅದನ್ನ ಬರೆದಿದ್ದು ಎಷ್ಟು ಹೊತ್ತಿಗೆ, ನೋಡಿದ್ಯಾ?"

ಮೊದಲನೆಯವಳು ಮೊಬೈಲು ತೆಗೆದಳು.

"ರಾತ್ರಿ ಮೂರು ಗಂಟೆಗೆ."

ಅವಳು ಮೊಬೈಲು ಒಳಗಿಟ್ಟಳು.

ಒಳಗಿಂದ ನರ್ಸ್ ಕರೆದಳು. ಇಬ್ಬರೂ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಎದ್ದರು. ಮೊದಲನೆಯವಳು ಹಿಂತಿರುಗಿದಳು.

"ಅಣ್ಣಾ, ನನ್ನ ಜಾಗದಲ್ಲಿ ಕೂತ್ಕೊಳ್ಳಿ. ಆ ಚೀಲ ಮಾತ್ರ ತೆಗೀಬೇಡಿ. ಅವಳು ಫ್ಯಾನ್ ಕೆಳಗೇ ಕೂರ್ಲಿ, ಪಾಪ, ರಾತ್ರಿಯಿಡೀ ನಿದ್ದೆಗೆಟ್ಟಿರ್ತಾಳೆ."