ಜೋಳಿಗೆ ಮೊದಲು ಯಾರ ಬಾಗಿಲಿಗೆ

ಒಬ್ಬ ಸಾಹುಕಾರ. ಸಾಹುಕಾರ ಅಂದ ಮೇಲೆ ಅವನಿಗೊಂದು ಊರು ಬೇಕಲ್ಲ, ಒಂದು ಊರು ಇತ್ತೆಂದು ಇಟ್ಟುಕೊಳ್ಳಿ. ಊರಿನ ಹೆಸರು ಹೇಳುವುದಿಲ್ಲ. ಸಾಹುಕಾರನ ಹೆಸರಂತೂ ಹೇಳುವುದೇ ಇಲ್ಲ. ಹೇಳಿದರೆ ನೀವು ಪ್ರವಚನ ಕೇಳುವುದು ಬಿಟ್ಟು, ಅವನು ಯಾರಿಗೆ ಬೀಗನಾಗಬೇಕು, ಯಾರ ಕಡೆಯ ಸಂಬಂಧ ಎಂದು ಗುಸುಗುಸು ನಡೆಸುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ಆ ಊರಿಗೆ ಎರಡು ಓಣಿ. ಮೇಲಿನ ಓಣಿಯಲ್ಲಿ ಕಲ್ಲಿನ ಮನೆಗಳು, ಕೆಳಗಿನ ಓಣಿಯಲ್ಲಿ ತಗಡಿನ ಮನೆಗಳು. ಸಾಹುಕಾರನ ಮನೆ ಮೇಲಿನ ಓಣಿಯ ಮೇಲಿನ ತುದಿಗೆ. ಅದರಾಚೆ ಹನುಮಪ್ಪನ ಗುಡಿ ಒಂದೇ. ದೇವರನ್ನು ಬಿಟ್ಟರೆ ನಾನೇ ಎಂದು ಅವನು ಬಾಯಿಬಿಟ್ಟು ಅಂದವನಲ್ಲ. ಅವನು ಶಲ್ಯ ಹೊದ್ದುಕೊಳ್ಳುವ ರೀತಿಯೇ ಅದನ್ನು ಅನ್ನುತ್ತಿತ್ತು.

ಅವನಿಗೆ ಒಬ್ಬನೇ ಮಗ. ಹದಿನಾರು ವರ್ಷ. ಮೀಸೆ ಇವತ್ತು ಬರಲೋ ನಾಳೆ ಬರಲೋ ಎಂದು ಕೇಳುತ್ತಿದ್ದ ವಯಸ್ಸು. ಒಂದು ದಿನ ಮಗನ ಅಂಗಿಯಲ್ಲಿ ಏನೋ ವಾಸನೆ. ಸಾಹುಕಾರ ಮೂಸಿದ. ಮತ್ತೆ ಮೂಸಿದ. ಅದು ಚಟದ ವಾಸನೆ. ಈ ವಾಸನೆ ಎಲ್ಲಿಂದ ಬಂತು? ನೋಡಿ, ಅವನಿಗೆ ಯೋಚನೆಯೇ ಬೇಕಾಗಲಿಲ್ಲ. ಕೆಳಗಿನ ಓಣಿಯಿಂದ ಬಂತು. ಮತ್ತೆಲ್ಲಿಂದ ಬರಬೇಕು? ಸೊಳ್ಳೆ ಅಲ್ಲಿಂದ ಬರುತ್ತದೆ, ಚಳಿಜ್ವರ ಅಲ್ಲಿಂದ ಬರುತ್ತದೆ, ಬೈಗುಳ ಅಲ್ಲಿಂದ ಬರುತ್ತದೆ. ಚಟವೊಂದು ಮಾತ್ರ ಬೇರೆ ದಾರಿಯಿಂದ ಬಂದೀತೆ?

ಶಾಲೆಗೆ ಹತ್ತಿರದ ದಾರಿ ಕೆಳಗಿನ ಓಣಿಯ ಮೇಲೆ. ಹತ್ತು ನಿಮಿಷ. ಸಾಹುಕಾರ ಆ ದಾರಿ ಬಿಡಿಸಿದ. ನಾಳೆಯಿಂದ ನೀನು ಬಸ್ ಸ್ಟ್ಯಾಂಡ್ ಬಳಸಿಕೊಂಡು ಮೋಟಾರಿನಲ್ಲಿ ಹೋಗಬೇಕು ಎಂದ. ಆ ದೊಡ್ಡ ರಸ್ತೆಯಲ್ಲಿ ಪಾನ್ ಅಂಗಡಿ ಎಷ್ಟಿದ್ದವು? ಏಳು. ಸಾಹುಕಾರ ಅವನ್ನು ಕಂಡಿರಲಿಲ್ಲವೆ? ದಿನವೂ ಕಂಡಿದ್ದ. ಆದರೆ ಅವು ಬೋರ್ಡಿಗೆ ದೀಪ ಹಾಕಿದ ಅಂಗಡಿಗಳು. ದೀಪ ಇದ್ದಲ್ಲಿ ದೋಷ ಇರುತ್ತದೆಯೆ?

ವಾಸನೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹುಡುಗನ ಕಣ್ಣು ಒಳಕ್ಕೆ ಹೋದವು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವನು. ಕರೆಯದಿದ್ದರೆ ಯಾಕೆ ಕರೆಯಲಿಲ್ಲ ಎಂದು ಬಾಗಿಲು ಒದೆಯುವನು. ಒಬ್ಬನೇ ಮಗ. ಅವನು ಕೈಬಿಟ್ಟು ಹೋದರೆ ಮುಂದೆ ಏನು? ಎಷ್ಟೇ ಶಲ್ಯ ಹೊದ್ದಿರಲಿ, ತಂದೆಯ ಹೊಟ್ಟೆ ತಂದೆಯ ಹೊಟ್ಟೆಯೇ.

ಹತ್ತಿರದ ಒಂದು ಮಠದಲ್ಲಿ ವಯಸ್ಸಾದ ಸ್ವಾಮಿಗಳಿದ್ದರು. ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅಜ್ಜಾರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗುವರು. ಜೋಳ ಬೇಡುತ್ತಿರಲಿಲ್ಲ, ದಕ್ಷಿಣೆ ಬೇಡುತ್ತಿರಲಿಲ್ಲ. ನಿಮ್ಮ ಮನೆಯಲ್ಲಿರುವ ಚಟ ಹಾಕಿರಿ ಎಂದು ಜೋಳಿಗೆ ಚಾಚುವರು. ಬೀಡಿ ಸೇದುವವರು ಬೀಡಿಕಟ್ಟು ಹಾಕಿ, ಇನ್ನು ಮುಟ್ಟುವುದಿಲ್ಲ ಎಂದು ಪಾದ ಮುಟ್ಟುವರು. ಸಾಹುಕಾರನಿಗೆ ದಾರಿ ಹೊಳೆಯಿತು. ಈ ಜೋಳಿಗೆಯನ್ನು ಕೆಳಗಿನ ಓಣಿಯಲ್ಲಿ ಒಮ್ಮೆ ತಿರುಗಿಸಿಬಿಟ್ಟರೆ ನನ್ನ ಮಗ ಉಳಿದ.

ಕರೆಸಿದ. ಹಲಗೆ-ಸನಾದಿ ವಾದ್ಯ, ಐವರು ಮುತ್ತೈದೆಯರ ಕಳಶ, ಏನೂ ಕಡಿಮೆ ಮಾಡಲಿಲ್ಲ. ಮೆರವಣಿಗೆ ಕೆಳಗಿನ ಓಣಿಯ ಕಡೆಗೆ ಮುಖ ಮಾಡಿ ನಿಂತಿತು. ಅಜ್ಜಾರು ಮಾತ್ರ ತಿರುಗಿ ಸಾಹುಕಾರನ ಮೆಟ್ಟಿಲು ಹತ್ತಿದರು. ಕರೆಸಿದವನ ಮನೆಯ ಭಿಕ್ಷೆ ಮೊದಲು, ಅದು ಜೋಳಿಗೆಯ ಪದ್ಧತಿ. ಇನ್ನೊಂದು ಪದ್ಧತಿಯೂ ಇತ್ತು. ಮನೆಯ ಹಿರಿಯರು ಇಲ್ಲ ಎಂದು ಬಾಯಿಬಿಟ್ಟು ಹೇಳದೆ ಮೊದಲ ಮನೆಯ ಹೊಸ್ತಿಲಿನಿಂದ ಜೋಳಿಗೆ ಬರಿದಾಗಿ ಹೊರಡುವಂತಿಲ್ಲ.

“ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ರೀ ಅಜ್ಜಾರ,” ಎಂದ ಸಾಹುಕಾರ. “ನೀವು ಕೆಳಗ ನಡೀರಿ, ಜೋಳಿಗಿ ಸಾಲೂದಿಲ್ಲ.”

“ಇಲ್ಲಂದ್ರ ಭಾಳ ಛಲೋ ಆತಪ್ಪ. ಅದನ್ನ ನಿಮ್ಮವ್ವನ ಬಾಯಿಲೆ ಒಮ್ಮೆ ಹೇಳಸು. ಹೊಂಟಬಿಡ್ತೀವಿ.”

ಸಾಹುಕಾರನ ತಾಯಿಗೆ ಎಂಬತ್ತು ವರ್ಷ. ಕಂಬಕ್ಕೆ ಒರಗಿ ಕೂತಿದ್ದಳು. ಸುಳ್ಳು ಹೇಳುವ ವಯಸ್ಸು ದಾಟಿತಪ್ಪ ಎನ್ನುತ್ತ ಸೊಂಟದ ಸಂಚಿಯಿಂದ ನಶ್ಯದ ಡಬ್ಬಿ ತೆಗೆದು ಜೋಳಿಗೆಗೆ ಒಗೆದಳು. ಗುರಿ ತಪ್ಪಿತು. ಡಬ್ಬಿ ಹೊಸ್ತಿಲಿಗೆ ಬಡಿದು ಬಾಯಿಬಿಟ್ಟಿತು. ನಶ್ಯ ಹಾರಿತು. ಮೊದಲು ಅಜ್ಜಾರು ಸೀನಿದರು. ಆಮೇಲೆ ಸಾಹುಕಾರ ಸೀನಿದ. ಸನಾದಿಯವನು ಸೀನಿದ್ದು ಸನಾದಿಯ ಒಳಗೇ ಹೋಗಿ, ಈವರೆಗೆ ಯಾರೂ ಕೇಳದ ಒಂದು ರಾಗ ಹೊರಬಂತು. ಕಳಶದ ಮುತ್ತೈದೆಯರು ಒಂದು ಕೈಯಲ್ಲಿ ಕಳಶ, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡರು.

ಮುದುಕಿ ಅಷ್ಟಕ್ಕೇ ನಿಂತಳೆ? ನಾನೊಬ್ಬಳೇ ಯಾಕೆ ಹಾಕಬೇಕು ಎಂದು ಸೊಸೆಯ ಕಡೆ ಬೆರಳು ತೋರಿಸಿದಳು. ಸೊಸೆ ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿ ಅಡುಗೆಮನೆಯ ಮೆಣಸಿನ ಡಬ್ಬಿಯ ಹಿಂದಿನಿಂದ ಬಂತು. ಸೊಸೆ ಸಿಟ್ಟಿಗೆದ್ದು, ಅತ್ತೆಗೆ ಏನೂ ಅನ್ನಲಾಗದೆ, ಅದೇ ಮನೆಯಲ್ಲಿದ್ದ ತನ್ನ ಸ್ವಂತ ತಮ್ಮನನ್ನೇ ತೋರಿಸಿಕೊಟ್ಟಳು. ತಮ್ಮ ಹಿತ್ತಿಲ ಬಾಗಿಲಿನಿಂದ ಓಡಿದ. ಅಲ್ಲಿ ಹಲಗೆಯವರು ನೀರು ಕುಡಿಯುತ್ತ ನಿಂತಿದ್ದರು. ಅವರು ಅವನನ್ನು ಬಾರಿಸಿಕೊಂಡೇ ಒಳಗೆ ಕರೆತಂದರು. ಹಲಗೆಯನ್ನು ಬಾರಿಸಿಕೊಂಡು, ಅವನನ್ನಲ್ಲ. ಅವನ ಬಾಟಲಿ ಜೋಳದ ಚೀಲದಲ್ಲಿ ಸಿಕ್ಕಿತು. ಒಂದಕ್ಕೆ ಕೈ ಹಾಕಿದರೆ ಮೂರು ಬಂದವು. ಜೋಳಿಗೆ ತುಂಬಿತು. ಅಜ್ಜಾರು ಒಂದು ಗೋಣಿಚೀಲ ಕೇಳಿದರು.

ಅಷ್ಟರಲ್ಲಿ ಕೆಳಗಿನ ಓಣಿಯವರೆಲ್ಲ ಮೇಲೆ ಬಂದು ಅಂಗಳದಲ್ಲಿ ನಿಂತಿದ್ದರು. ಮೆರವಣಿಗೆ ತಮ್ಮ ಕಡೆ ಬರಲಿಲ್ಲವೆಂದು ತಾವೇ ಬಂದಿದ್ದರು. ಸಾಹುಕಾರ ಬೆವರಿದ. ಅವನ ಕೈಯಲ್ಲೇ ಬೆಳ್ಳಿಯ ಜರ್ದಾ ಡಬ್ಬಿ ಇತ್ತು. ಅಜ್ಜಾರು ಅದನ್ನೇ ನೋಡುತ್ತಿದ್ದರು. ಇದು ಚಟವಲ್ಲ, ಬಂದವರಿಗೆ ಕೊಡುವ ಮರ್ಯಾದೆ ಎಂದ. ಊಟ ಕರಗಲಿಕ್ಕೆ ಎಂದ. ಡಾಕ್ಟರು ಹೇಳಿದ್ದಾರೆ ಎಂದ. ಯಾವ ಡಾಕ್ಟರು ಎಂದು ಹಿಂದಿನಿಂದ ಯಾರೋ ಕೇಳಿದರು. ಅಂಗಳ ಗೊಳ್ಳೆಂದಿತು.

ಆ ನಗೆಯ ನಡುವೆ ಮಗ ಮಾಳಿಗೆಯಿಂದ ಇಳಿದು ಬಂದ. ಕೈ ಮುಷ್ಟಿಯಾಗಿತ್ತು. ಮುಷ್ಟಿ ಬಿಚ್ಚಿದ. ಕಾಗದದಲ್ಲಿ ಸುತ್ತಿದ ಗಾಂಜಾ ಸೊಪ್ಪು. ನಗೆ ಒಮ್ಮೆಗೇ ನಿಂತಿತು.

“ಅಪ್ಪಾ, ಕೆಳಗಿನ ಓಣ್ಯಾಗ ನನಗ ಯಾರೂ ಏನೂ ಕೊಟ್ಟಿಲ್ಲ,” ಎಂದ ಹುಡುಗ. “ನಿಮ್ಮ ಮಂದಿ ಬಂದಾಗ ಎಲಿ-ಜರ್ದಾದ ತಬಕ ಹಿಡಕೊಂಡ ನಿಲ್ಲಾಂವ ನಾನ. ಉಳದಿದ್ದನ್ನ ಒಳಗ ಇಡಾಂವನೂ ನಾನ. ಹನ್ನೆರಡು ವರ್ಷದಾಂವ ಇದ್ದಾಗ ಎಲ್ಲಾರ ಮುಂದ ಒಂದು ಚಿಟಿಕಿ ಬಾಯಾಗ ಹಾಕ್ಕೊಂಡೆ. ಎಲ್ಲಾರೂ ನಕ್ಕರು. ನೀವೂ ನಕ್ಕ್ರಿ. ಈ ಸೊಪ್ಪ ಕೊಟ್ಟಾಂವ ಬಸ್ ಸ್ಟ್ಯಾಂಡಿನ ಅಂಗಡಿಯಾಂವ. ಆದ್ರ ಬಾಯಿ ತೆರಿಯೂದು ಕಲತದ್ದು ಇಲ್ಲೇ.”

ಸಾಹುಕಾರನಿಗೆ ಆ ದಿನ ನೆನಪಾಯಿತು. ನಕ್ಕಿದ್ದ. ನಕ್ಕು, ಮಗ ದೊಡ್ಡವನಾದ ಎಂದು ಬೆನ್ನನ್ನೂ ತಟ್ಟಿದ್ದ.

ಹುಡುಗ ಕಾಗದವನ್ನು ಚೀಲದ ಮೇಲೆ ಹಿಡಿದ. ಬಿಡಲಿಲ್ಲ. “ಹಾಕ್ತೀನಿ ಅಜ್ಜಾರ. ಆದ್ರ ನಾಳಿ ಸಂಜಿಮುಂದ ಮತ್ತ ಬೇಕು ಅನಸ್ತೈತಿ. ಆವಾಗ ಏನ್ ಮಾಡ್ಲಿ?”

ನೋಡಿ, ಎಂಥ ಪ್ರಶ್ನೆ. ದೊಡ್ಡವರು ಯಾರೂ ಕೇಳದ ಪ್ರಶ್ನೆ. ಅಜ್ಜಾರು ಮೆಟ್ಟಿಲ ಮೇಲೆ ಕೂತುಬಿಟ್ಟರು. “ಬೇಕು ಅನಸೂದು ಈ ಚೀಲದಾಗ ಹಿಡಿಯಂಗಿಲ್ಲ ತಮ್ಮಾ. ಅದಕ್ಕ ಸಂಜಿಮುಂದ ನಿನ್ನ ಮಗ್ಗಲದಾಗ ಕುಂದ್ರೂ ಮನಷ್ಯಾರು ಬೇಕು,” ಎಂದು ಸಾಹುಕಾರನನ್ನು ನೋಡಿದರು.

ಸಾಹುಕಾರ ಬೆಳ್ಳಿ ಡಬ್ಬಿಯನ್ನು ಚೀಲಕ್ಕೆ ಹಾಕಿದ. ಜರ್ದಾ ಚೆಲ್ಲಿ ಡಬ್ಬಿ ಇಟ್ಟುಕೊಳ್ಳಲಿಲ್ಲ, ಡಬ್ಬಿ ಸಮೇತ ಹಾಕಿದ. ಅದರ ಸದ್ದು ಕೇಳಿದ ಮೇಲೆ ಹುಡುಗನ ಬೆರಳು ಸಡಿಲಾದವು.

ಇಲ್ಲಿಗೆ ಕಥೆ ಮುಗಿಯಿತೆಂದು ಅಕ್ಕಂದಿರು ಕೆಲವರು ಚೀಲ ಎತ್ತಿಕೊಳ್ಳುತ್ತಿದ್ದೀರಿ. ಕೂಡಿರಿ ತಾಯಿ, ಇನ್ನೂ ಒಂದು ಓಣಿ ಬಾಕಿ ಇದೆ.

ಕೆಳಗಿನ ಓಣಿಯೇನೂ ಕೈಲಾಸವಲ್ಲ. ಅದನ್ನೂ ಮುಚ್ಚಿಡಬಾರದು. ಓಣಿಯ ಕಡೆಯ ತುದಿಗೆ ಸಾರಾಯಿ ಅಂಗಡಿ. ಅಪ್ಪನಿಗೆಂದು ಬಾಟಲಿ ತರಲು ಹೋದ ಮಕ್ಕಳು ದಾರಿಯಲ್ಲೇ ರುಚಿ ನೋಡಿದ್ದರು. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋದರೆ ಇಡೀ ದಿನ ಕೇಳುವವರಿಲ್ಲದ ಮಕ್ಕಳು ಬೀಡಿ ಕಲಿತಿದ್ದರು. ಅಜ್ಜಾರು ಸಾಹುಕಾರನನ್ನೂ ಕರೆದುಕೊಂಡು ಕೆಳಗಿಳಿದಾಗ ಚೀಲ ಅಲ್ಲಿಯೂ ಅರ್ಧ ತುಂಬಿತು. ಕಡೆಯ ಮನೆ ರೊಟ್ಟಿ ಬಡಿದು ಮಾರುವ ಒಬ್ಬ ವಿಧವೆಯದು. ಸಾರಾಯಿ ಅಂಗಡಿಗೂ ಅವಳ ಮನೆಗೂ ಒಂದೇ ಗೋಡೆ. ಅವಳಿಗೆ ಎದೆಯೆತ್ತರದ ಗಂಡುಮಕ್ಕಳು ಇಬ್ಬರು. ಇಲ್ಲಿ ಏನು ಸಿಗಬಹುದೆಂದು ಸಾಹುಕಾರ ಕುತ್ತಿಗೆ ಚಾಚಿ ನೋಡಿದ.

“ನನ್ನ ಹತ್ರ ಬೈಯೂ ಚಟಾ ಒಂದೈತ್ರೀ ಅಜ್ಜಾರ,” ಎಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. “ಅದನ್ನ ಮಾತ್ರ ನಾ ಕೊಡಂಗಿಲ್ಲ.”

ಅಜ್ಜಾರು ನಕ್ಕರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ ಅಕ್ಕಪಕ್ಕದವರು ಹೇಳಿದರು. ಹೋದ ವರ್ಷ ಅವಳ ಹಿರಿಯ ಮಗ ಹಿಟ್ಟಿನ ಗಿರಣಿಯ ಹಿಂದೆ ಸಿಗರೇಟು ಹಚ್ಚಿದ್ದ. ಗಿರಣಿಯವನು ಕಿವಿ ಹಿಡಿದು ಮನೆವರೆಗೆ ಎಳೆದು ತಂದ. ನನ್ನ ಮಗನ ಕಿವಿ ಮುಟ್ಟಲು ನೀನು ಯಾರು ಎಂದು ಅವಳು ಕೇಳಲಿಲ್ಲ. ಗಿರಣಿಯವನಿಗೆ ಬಿಸಿ ರೊಟ್ಟಿ ಕೊಟ್ಟು, ಇನ್ನೊಂದು ಕಿವಿಯನ್ನು ತಾನು ಹಿಡಿದಳು. ದುಡಿಮೆ ಎಷ್ಟೇ ಇರಲಿ, ದೀಪ ಹಚ್ಚುವ ಹೊತ್ತಿಗೆ ಮಕ್ಕಳಿಬ್ಬರೂ ಒಲೆಯ ಮುಂದೆ ಇರಬೇಕು. ಎಲ್ಲಿದ್ದೆ, ಯಾರ ಜೊತೆಗಿದ್ದೆ, ಏನು ತಿಂದೆ, ಎಲ್ಲ ಹೇಳಬೇಕು. ಬೈಗುಳ ಮುಗಿದ ಮೇಲೆ ರೊಟ್ಟಿ.

ಸಾಹುಕಾರ ಅವಳ ಅಂಗಳದಲ್ಲಿ ನಿಂತು ಅಂದ: “ತಂಗೀ, ನನ್ನ ಮಗನ್ನೂ ಬೈತೀಯೇನವಾ?”

“ಸಾವ್ಕಾರ ಮಗ ಅಂತ ನೋಡಂಗಿಲ್ರೀ ಮತ್ತ,” ಎಂದಳು. “ಕೂಡ್ಸೇ ಬೈತೀನಿ. ನಿಮ್ಮನ್ನೂ.”

ಹುಡುಗ ಮರುದಿನವೇ ಸರಿಹೋದನೆಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಸಲ ಜಾರಿದ. ಎರಡು ಸಲವೂ ಮನೆ ಮುಟ್ಟುವಷ್ಟರಲ್ಲಿ ಕೆಳಗಿನ ಓಣಿಯ ನಾಲ್ಕು ಹೆಂಗಸರು ತಡೆದು ಕೇಳಿದರು. ದೊಡ್ಡಾಸ್ಪತ್ರೆಯ ಡಾಕ್ಟರಿಗೂ ತೋರಿಸಿದರು, ಅದರಲ್ಲಿ ನಾಚಿಕೆ ಏನಿಲ್ಲ. ಬಸ್ ಸ್ಟ್ಯಾಂಡಿನ ಆ ಅಂಗಡಿಯ ಮಳಿಗೆ ಯಾರದೆಂದು ಜನ ವಿಚಾರಿಸಿದರೆ ಸಾಹುಕಾರನದೇ, ಅಲ್ಲಿಯವರೆಗೆ ಬಾಡಿಗೆಯನ್ನಷ್ಟೇ ಎಣಿಸಿಕೊಂಡಿದ್ದ. ಮೊದಲ ಬಾರಿಗೆ ಬಾಗಿಲು ದಾಟಿ ಒಳಗೆ ಹೋದ, ಖಾಲಿ ಮಾಡಿಸಿದ. ಸಂಜೆಯಾದರೆ ತಂದೆ ಮಗ ಅಕ್ಕಪಕ್ಕ ಕೂತು ಉಣ್ಣತೊಡಗಿದರು. ಮಾತು, ಉಪ್ಪು ಕೊಡು ಎಂಬಲ್ಲಿಂದ ಶುರುವಾಯಿತು. ಒಂದು ವರ್ಷದ ಮೇಲೆ ಹುಡುಗನ ಕಣ್ಣು ಮೊದಲಿನಂತಾದವು. ಅವನು ಉಳಿದ.

ನಕ್ಕಿರಿ. ಹಿಂದೆ ಗೋಡೆಗೆ ಒರಗಿ ಕೂತವರು ಬಾಯಿ ಮುಚ್ಚಿಕೊಂಡೇ ನಕ್ಕಿರಿ. ಯಾಕೆ ಮುಚ್ಚಿಕೊಂಡಿರಿ? ತೆರೆದರೆ ಕೆಂಪು ಕಾಣುತ್ತದೆ. ಹೌದೋ ಅಲ್ಲವೋ? ನುಂಗಬೇಡಿ, ಹೊರಗೆ ಹೋಗಿ ಉಗುಳಿ ಬನ್ನಿ, ನಾನು ಕಾಯುತ್ತೇನೆ.

ನಾವೆಲ್ಲ ಏನು ಮಾಡುತ್ತೇವೆ? ನಮ್ಮ ಮಗ ಕೆಟ್ಟರೆ ಓಣಿಯನ್ನು ಬೈಯುತ್ತೇವೆ. ಓಣಿಯ ಹುಡುಗ ಕೆಟ್ಟರೆ ಅವನ ಮನೆಯನ್ನು ಬೈಯುತ್ತೇವೆ. ಮನೆಯೂ ನಮ್ಮದೇ, ಓಣಿಯೂ ನಮ್ಮದೇ, ಬೈಯುವ ಬಾಯಿ ಮಾತ್ರ ಬೇರೆಯವರ ಕಡೆಗೆ. ಮಗನ ಕೈಗೆ ದುಡ್ಡು ಕೊಟ್ಟು ನಿಮ್ಮ ಪಾಕೀಟು ತರಿಸಿಕೊಳ್ಳುತ್ತೀರಲ್ಲ, ಅಂಗಡಿಯ ದಾರಿ ಅವನಿಗೆ ತೋರಿಸಿದವರು ಯಾರು? ಪಕ್ಕದ ಮನೆಯವರು ಬಂದು ನಿಮ್ಮ ಹುಡುಗನನ್ನು ಹೀಗೆ ಕಂಡೆವು ಅಂದರೆ, ನಿಮ್ಮ ಮಕ್ಕಳನ್ನು ನೋಡಿಕೊಳ್ಳಿ ಎಂದು ಬಾಗಿಲು ಹಾಕಿಕೊಳ್ಳುತ್ತೀರಲ್ಲ, ಇನ್ನೊಮ್ಮೆ ಅವರು ಹೇಳುತ್ತಾರೆಯೆ? ಶಾಲೆಯ ಗೇಟಿಗೆ ಅಂಟಿಕೊಂಡಂತೆ ಅಂಗಡಿ ಇಟ್ಟವನು ನಿಮ್ಮ ನೆಂಟನೇ ಇರಬಹುದು. ನಾಳೆ ನಾಲ್ಕು ಜನ ಸೇರಿ ಹೋಗಿ ಎತ್ತಿಸಿರಿ. ನೆಂಟಸ್ತಿಕೆ ಆಮೇಲೆ ಸರಿಮಾಡಿಕೊಂಡರಾಯಿತು.

ಮಗ ಚಟಕ್ಕೆ ಬಲಿಯಾಗಿ ಮಗ್ಗುಲಿನ ತಟ್ಟೆ ಖಾಲಿ ಉಳಿದ ಮೇಲೆ ಈ ಮಾತು ಕಲಿತವರಿದ್ದಾರೆ. ಅವರಲ್ಲೊಬ್ಬ ಈ ಪ್ರವಚನ ಹೇಳುತ್ತ ನಿಮ್ಮ ಮುಂದೆ ಕೂತಿದ್ದಾನೆ. ಅದರ ಮೇಲೆ ಹೆಚ್ಚು ಹೇಳುವುದಿಲ್ಲ. ಶಿವ ಇವತ್ತು ನಗಿಸಿದ್ದಾನೆ, ನಗುತ್ತಲೇ ಏಳೋಣ.

ಹೊರಗೆ ಪ್ರಸಾದದ ಪಂಕ್ತಿ ಸಿದ್ಧವಾಗಿದೆ. ಇವತ್ತು ಗಂಡಸರು ಒಂದು ಕಡೆ, ಹುಡುಗರು ಇನ್ನೊಂದು ಕಡೆ ಕೂಡಬೇಡಿ. ಮಗನನ್ನು ಎಡಕ್ಕೆ ಕೂಡಿಸಿಕೊಳ್ಳಿ. ಬಲಕ್ಕೆ ನಿಮ್ಮ ಓಣಿಯ ಇನ್ನೊಂದು ಮನೆಯ ಹುಡುಗನನ್ನು ಕೂಡಿಸಿಕೊಳ್ಳಿ. ಅವನ ಹೆಸರು ಗೊತ್ತಿಲ್ಲದಿದ್ದರೆ, ಮೊದಲ ತುತ್ತಿಗೆ ಮುಂಚೆ ಕೇಳಿ ತಿಳಿದುಕೊಳ್ಳಿ.