ಪಕ್ಕದ ಮರಕ್ಕೆ ಹೋಗಿ

ದೀಪ ಸಣ್ಣದು ಮಾಡಬೇಡಿ. ಕೆಲವರಿಗೆ ಕತ್ತಲಲ್ಲಿ ಕೇಳಿದರೇ ರುಚಿ, ಆದರೆ ಇದನ್ನು ನಾನು ದೀಪ ಉರಿಸಿಕೊಂಡೇ ಹೇಳುವುದು. ಚಿಲಕ ಹಾಕಿದೆಯಾ ನೋಡಿ... ಹಾಂ. ಸರಿ.

ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು ಇದು. ಒಂದು ರಾತ್ರಿ, ಎಂಟೂವರೆ ದಾಟಿತ್ತು, ಅವನು ಕೆಲಸ ಮುಗಿಸಿ ಮನೆಗೆ ನಡೆದು ಬರುತ್ತಿದ್ದ. ಹೆಗಲ ಮೇಲೆ ಕೊಡಲಿ, ಕೈಯಲ್ಲಿ ಕಟಿಂಗ್ ಮೆಷಿನ್ನು. ರಸ್ತೆಯ ಒಂದು ಪಕ್ಕ ಗೋದಾಮಿನ ಉದ್ದ ಗೋಡೆ, ಇನ್ನೊಂದು ಪಕ್ಕ ಸಾಲಾಗಿ ಮರದ ಬೊಡ್ಡೆಗಳು. ಎಲ್ಲ ಅವನೇ ಕಡಿದದ್ದು. ಕೊನೆಯಲ್ಲಿ ಒಂದು ಹಾಳು ಬಾವಿ, ಬಾವಿಯ ಪಕ್ಕ ಒಂದು ಆಲದ ಮರ. ಅದಿನ್ನೂ ನಿಂತಿತ್ತು.

ಅವನು ಮನುಷ್ಯರ ಹತ್ತಿರ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದಕ್ಕೇ ಬೀದಿಯವರು ಅವನಿಗೆ ಮಾತಿನಮಲ್ಲ ಅಂತ ಹೆಸರಿಟ್ಟಿದ್ದರು. ಕರೆದೂ ಕರೆದೂ ಸವೆದು ಬರೀ ಮಲ್ಲ ಉಳಿಯಿತು. ಅವನ ಪಾಲಿನ ಮಾತನ್ನೂ ಸೇರಿಸಿ ಆಡುವುದಕ್ಕೆ ಮನೆಯಲ್ಲಿ ಅವನ ಅಕ್ಕ ಇದ್ದಳು. ತಾಯಿ ಹೋದಾಗ ಇವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾರು. ಮೂಗು ಒರೆಸಿ, ಬೆನ್ನಿಗೆ ಗುದ್ದಿ, ಊರವರ ಬಟ್ಟೆ ಹೊಲಿದು ಸಾಕಿದವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ಇವನನ್ನ ಯಾರ ತಲೆಗೆ ಕಟ್ಟಿ ಹೋಗ್ಲಿ" ಅನ್ನುತ್ತಾ ಅನ್ನುತ್ತಾ ಅವಳ ತಲೆಯೇ ನೆರೆತುಹೋಯಿತು.

ಅವಳಿಗೆ ಇನ್ನೊಂದು ಕಾಯಿಲೆ ಇತ್ತು. ಬಾಗಿಲಿಗೆ ಬಂದವರನ್ನು ಹೋಗಿ ಅನ್ನಲು ಬರುತ್ತಿರಲಿಲ್ಲ. ಗಂಡನ ಜೊತೆ ಜಗಳವಾಡಿ ಬಂದ ಪಕ್ಕದ ಮನೆಯವಳು, ಕೊನೆ ಬಸ್ಸು ತಪ್ಪಿಸಿಕೊಂಡ ಮುದುಕ, ಎಲ್ಲರಿಗೂ ಒಂದೇ ಮಾತು: "ಬನ್ನಿ ಬನ್ನಿ, ಮನೆ ಚಿಕ್ಕದಾದ್ರೇನು." ಇರುವುದು ಎರಡು ಕೋಣೆ. ಕರೆಂಟ್ ಮೀಟರ್ ನೋಡಲು ಬಂದವನೊಬ್ಬ ಮಳೆ ನಿಲ್ಲಲಿಲ್ಲ ಅಂತ ಎರಡು ದಿನ ಉಳಿದಿದ್ದ. ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು.

ಮಲ್ಲ ಮೊದಲ ಸಲ ಕೊಡಲಿ ಹಿಡಿದ ದಿನ ಅವಳೇ ಒಂದು ಪಾಠ ಹೇಳಿಕೊಟ್ಟಿದ್ದಳು. ಮರ ಅಂದರೆ ಒಂದು ಮನೆ. ಮನೆಯೊಳಗೆ ಯಾರೂ ಇಲ್ಲ ಅಂದುಕೊಳ್ಳಬಾರದು. ಇರುವವರನ್ನು ಹೇಳದೆ ಕೇಳದೆ ಎಬ್ಬಿಸಬಾರದು. ಕಡಿಯುವ ಹಿಂದಿನ ದಿನ, ಬೆಳಕಿರುವಾಗಲೇ ಹೋಗಬೇಕು. ಕೊಡಲಿ ದೂರದಲ್ಲಿ ಇಡಬೇಕು, ಚಪ್ಪಲಿ ಬಿಡಬೇಕು. ಬುಡಕ್ಕೆ ಒಂದು ಚೊಂಬು ನೀರು ಹಾಕಿ, ತೊಗಟೆಯ ಮೇಲೆ ಅಂಗೈ ಇಟ್ಟು ಹೇಳಬೇಕು: "ನಾಳೆ ಬೆಳಿಗ್ಗೆ ಕಡೀತೀನಿ. ಮೇಲಿರೋರು, ಒಳಗಿರೋರು, ಬುಡದಲ್ಲಿರೋರು... ದಯವಿಟ್ಟು ಪಕ್ಕದ ಮರಕ್ಕೆ ಹೋಗಿ. ಹೊಟ್ಟೆಪಾಡು ನಂದು, ತಪ್ಪೂ ನಂದು." ಒಂದು ಎಲೆ ಬೀಳುವ ತನಕ ಕಾಯಬೇಕು. ಬಿದ್ದರೆ ಒಪ್ಪಿದರು ಅಂತ.

ಮಲ್ಲನಿಗೆ ಬೇರೆ ದೇವರಿರಲಿಲ್ಲ, ಬೇರೆ ಪ್ರಾರ್ಥನೆಯೂ ಇರಲಿಲ್ಲ. ಇಷ್ಟನ್ನು ಇಪ್ಪತ್ತಾರು ವರ್ಷ ಒಂದು ದಿನ ಬಿಡದೆ ಮಾಡಿಕೊಂಡು ಬಂದ. ಜೊತೆಯವರು ನಗುತ್ತಿದ್ದರು. ನಗಲಿ. ಅಷ್ಟು ವರ್ಷದಲ್ಲಿ ಅವನ ಕೈಯಲ್ಲಿ ಒಬ್ಬರಿಗೂ ಒಂದು ಕೊಂಬೆ ಬಿದ್ದು ಪೆಟ್ಟಾಗಿರಲಿಲ್ಲ.

ಈ ರಸ್ತೆ ಅಗಲ ಮಾಡುವ ಕೆಲಸ ಬಂತು ನೋಡಿ. ಐವತ್ತೇಳು ಮರ. ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ನಂಬರು. ಒಂದರಿಂದ ಶುರು ಮಾಡಿದ. ದಿನಾ ಸಂಜೆ ಮುಂದಿನ ಮರದ ಹತ್ತಿರ ಹೋಗಿ ಅದೇ ಮಾತು. ಒಂದರಲ್ಲಿದ್ದವರು ಎರಡಕ್ಕೆ, ಎರಡರವರು ಮೂರಕ್ಕೆ, ಮೂರರವರು ನಾಲ್ಕಕ್ಕೆ... ಹೀಗೆ ಎರಡು ತಿಂಗಳು ಮುಂದೆ ಮುಂದೆ ತಳ್ಳುತ್ತಾ ಬಂದ. ಎಲ್ಲಿಗೆ ತಳ್ಳುತ್ತಿದ್ದೀನಿ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಅವನು ಕಡಿದದ್ದೆಲ್ಲ ಅಲ್ಲೊಂದು ಇಲ್ಲೊಂದು ಮರ, ಪಕ್ಕದಲ್ಲಿ ಯಾವತ್ತೂ ಇನ್ನೊಂದು ಇದ್ದೇ ಇರುತ್ತಿತ್ತು.

ಆ ದಿನ ಐವತ್ತಾರನೇ ಮರದ ಹತ್ತಿರ ಮೆಷಿನ್ನಿನ ಚೈನು ಕಡಿಯಿತು. ರಿಪೇರಿ, ಓಡಾಟ, ಮರ ಉರುಳಿಸುವಷ್ಟರಲ್ಲಿ ಕತ್ತಲೆ. ರಸ್ತೆ ಮೇಸ್ತ್ರಿ ಬೇರೆ ಖಡಾಖಂಡಿತವಾಗಿ ಹೇಳಿದ್ದ: "ನಾಳೆ ಮಧ್ಯಾಹ್ನದೊಳಗೆ ಆಲ ನೆಲದ ಮೇಲಿರ್ಬೇಕು." ಹಾಗಾಗಿ ಮಲ್ಲ ಕತ್ತಲಲ್ಲೇ ಮರದ ಹತ್ತಿರ ಹೋದ. ಕತ್ತಲಾದ ಮೇಲೆ ಹೇಳಬಾರದು ಅಂತ ಅಕ್ಕ ಹೇಳಿದ್ದಳು. ಬೆಳಕಲ್ಲಿ ಅವರು ಬರೀ ಕೇಳಿಸಿಕೊಳ್ಳುತ್ತಾರಂತೆ.

ಚಪ್ಪಲಿ ಬಿಟ್ಟ. ನೀರು ಹಾಕಿದ. ಗುಟುಕ್... ಗುಟುಕ್... ಅಂತ ಮಣ್ಣು ಕುಡಿದ ಸದ್ದು ಅವನಿಗೆ ಕೇಳಿಸಿತು. ಅಂಗೈ ಇಟ್ಟ.

"ನಾಳೆ ಬೆಳಿಗ್ಗೆ ಕಡೀತೀನಿ. ಮೇಲಿರೋರು, ಒಳಗಿರೋರು, ಬುಡದಲ್ಲಿರೋರು... ದಯವಿಟ್ಟು ಪಕ್ಕದ ಮರಕ್ಕೆ ಹೋಗಿ."

ಎಲೆ ಬೀಳಲಿಲ್ಲ. ಕಾದ. ಗಾಳಿಯೇ ಇಲ್ಲ...

"ಯಾವುದು?"

ಮೇಲಿನಿಂದ ಬಂದ ದನಿಯಲ್ಲ. ಕಿವಿಯ ಪಕ್ಕದಿಂದ. ಮಗ್ಗುಲಲ್ಲಿ ಮಲಗಿದವರು ನಿದ್ದೆಗಣ್ಣಲ್ಲಿ ಕೇಳಿದ ಹಾಗೆ.

ಮಲ್ಲ ತಿರುಗಿ ನೋಡಿದ. ಒಂದು ಕಡೆ ಗೋಡೆ. ಇನ್ನೊಂದು ಕಡೆ ಐವತ್ತಾರು ಬೊಡ್ಡೆ. ಆಗ ಹೊಳೆಯಿತು ಅವನಿಗೆ.

"ಎಷ್ಟು ಜನ ಇದೀರಿ?" ಪಿಸುಗುಟ್ಟಿದ.

"ಎಲ್ಲಾರೂ."

"ಎಲ್ಲಾರೂ ಅಂದ್ರೆ...?"

"ನೀನು ಕಳಿಸಿದೋರು."

ಮರದ ತುಂಬ ಒಂದು ಸದ್ದು ಹಬ್ಬಿತು. ತುಂಬಿದ ಬಸ್ಸಲ್ಲಿ ಜನ ಜರುಗಿ ಕೂರುವಾಗ ಬಟ್ಟೆಗೆ ಬಟ್ಟೆ ಉಜ್ಜುತ್ತದಲ್ಲ, ಅಂಥದು. ಮಲ್ಲ ಕೈ ತೆಗೆದ. ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಜ ಹೇಳಲು ಏನೂ ಇಲ್ಲ. "ಜಾಗ ಇರೋ ಕಡೆ ಹೋಗಿ," ಅಂದುಬಿಟ್ಟ. ಚಪ್ಪಲಿ ಕೈಯಲ್ಲಿ ಹಿಡಿದು ದಾಪುಗಾಲು ಹಾಕಿದ.

ಹಿಂದೆ ಸರ್... ಸರ್... ಅಂತ ಸದ್ದು. ಡಾಂಬರಿನ ಮೇಲೆ ಒಣ ಎಲೆ ಎಳೆದ ಹಾಗೆ. ಅವನು ನಿಂತರೆ ನಿಲ್ಲುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

ಮನೆಯಲ್ಲಿ ಅಕ್ಕ ಯಾರದೋ ಪರದೆ ಹೊಲಿಯುತ್ತಾ ಕೂತಿದ್ದಳು. ಟಕಟಕಟಕ... ನಿಲ್ಲಿಸಿದಳು.

"ಬಂದ್ಯಾ? ಮುಖ ಯಾಕೋ ಹಿಂಡಿದ ಬಟ್ಟೆ ಥರ ಇದೆ? ಹೇಳಿ ಬಂದ್ಯಾ?"

"ಹೂಂ."

"ಎಲೆ ಬಿತ್ತಾ?"

"...ಬಿತ್ತು."

"ಸರಿ, ಕೈಕಾಲು ತೊಳ್ಕೋ."

ಅಷ್ಟೇ. ಆಗ ಒಂದು ಮಾತು ಹೇಳಿದ್ದರೆ ಅವಳೇ ಏನಾದರೂ ದಾರಿ ಹೇಳುತ್ತಿದ್ದಳೇನೋ. ಅವನು ಉಂಡು ಒಳಕೋಣೆಯಲ್ಲಿ ಬಿದ್ದುಕೊಂಡ. ಅಕ್ಕ ಎಂದಿನಂತೆ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡಳು.

ಎರಡು ಗಂಟೆ ಇರಬಹುದು. ಬಾಗಿಲ ಹೊರಗೆ ಗರ್... ಗರ್... ಒಣ ಕೊಂಬೆ ಹಲಗೆಗೆ ಸವರಿದ ಸದ್ದು. ಮಲ್ಲನಿಗೆ ಎಚ್ಚರವಿತ್ತು, ಅವನಿಗೆ ನಿದ್ದೆಯೇ ಹತ್ತಿರಲಿಲ್ಲ. ಅಕ್ಕ ಎದ್ದದ್ದು ಕೇಳಿಸಿತು.

"ಯಾರಪ್ಪಾ ಇಷ್ಟು ಹೊತ್ತಲ್ಲಿ?"

ಉತ್ತರ ಇವನಿಗೆ ಕೇಳಲಿಲ್ಲ. ಅವಳಿಗೆ ಕೇಳಿಸಿತು.

"ಅಯ್ಯೋ ಪಾಪ... ಅಷ್ಟು ದೂರದಿಂದಾನಾ... ಇರೋ ಜಾಗಾನೂ ಹೋಯ್ತಾ..."

ಚಿಲಕ. ಖಟ್.

"ಬನ್ನಿ ಬನ್ನಿ. ಮನೆ ಚಿಕ್ಕದಾದ್ರೇನು..." ಆಮೇಲೆ ತೀರಾ ಮೆಲ್ಲಗೆ, "ಓ... ಇಷ್ಟೊಂದು ಜನಾನಾ..." ಅಂದಳು. ಇನ್ನೂ ಮೆಲ್ಲಗೆ, "ಇರ್ಲಿ."

ಕೂಗಬೇಕು ಅಂದುಕೊಂಡೆ, ನಾಲಿಗೆ ಹೊರಳಲಿಲ್ಲ ಅಂತ ಮಲ್ಲ ನನ್ನ ಹತ್ತಿರ ಹೇಳಿದ. ನಾನು ನಂಬಲಿಲ್ಲ. ಅವನ ಮುಖ ನೋಡಿದರೆ ಅವನಿಗೇ ಆ ಮಾತಿನಲ್ಲಿ ನಂಬಿಕೆ ಇದ್ದ ಹಾಗಿರಲಿಲ್ಲ. ಸದ್ಯ, ಎಲ್ಲೋ ಒಂದು ಕಡೆ ಜಾಗ ಆಯಿತಲ್ಲ ಅಂತ ಒಂದು ಕ್ಷಣ ಅವನಿಗೆ ಅನ್ನಿಸಿತ್ತು. ಅಷ್ಟು ಅನ್ನಿಸಿ, ಹೊದಿಕೆ ತಲೆ ಮೇಲೆ ಎಳೆದುಕೊಂಡಿದ್ದ.

ಬೆಳಿಗ್ಗೆ ನೋಡಿದರೆ ಮನೆ ಇದ್ದ ಹಾಗೇ ಇತ್ತು. ಹಸಿ ಮಣ್ಣಿನ ವಾಸನೆ ಮಾತ್ರ. ಅಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. "ನೀನು ಹೋಗು," ಅಂದಳು. ಅವನು ಹೋದ. ಆಲದ ಮರ ಬೆಣ್ಣೆ ಕೊಯ್ದ ಹಾಗೆ ಕೊಯ್ಯಿಸಿಕೊಂಡಿತು. ಬಿದ್ದಾಗ ಒಂದು ಹಕ್ಕಿ ಹಾರಲಿಲ್ಲ. ತೊಗಟೆಯ ಮೇಲೆ ಒಂದು ಇರುವೆ ಕೂಡ ಇರಲಿಲ್ಲ. ಮೇಸ್ತ್ರಿ ಬೆನ್ನು ತಟ್ಟಿದ.

ಮನೆಗೆ ಬಂದಾಗ ಅಕ್ಕ ಅಂಗಳದಲ್ಲಿ ನಿಂತಿದ್ದಳು. ನೆತ್ತಿ ಸುಡುವ ಬಿಸಿಲು, ಬರಿಗಾಲು.

"ಯಾಕಕ್ಕಾ ಇಲ್ಲಿ?"

"ಒಳಗೆ ಉಸಿರು ಕಟ್ಟುತ್ತೆ ಕಣೋ. ಇವರಿಗೆ."

ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಬೆಳಗಾಗುವಷ್ಟರಲ್ಲಿ ಮತ್ತೆ ಅಂಗಳದಲ್ಲಿ. ಒಂದು ವಾರದಲ್ಲಿ ಊಟ ಬಿಟ್ಟಳು, ನೀರು ಮಾತ್ರ. ಊರೆಲ್ಲ ಕೇಳುವಂತೆ ಮಾತಾಡುತ್ತಿದ್ದವಳು "ಹೂಂ", "ಊಹೂಂ"ಗೆ ಬಂದು ನಿಂತಳು. ಡಾಕ್ಟರು ನಾಡಿ ಹಿಡಿದು, ಕಣ್ಣಿಗೆ ಟಾರ್ಚ್ ಬಿಟ್ಟು, ಎಲ್ಲ ಸರಿಯಾಗೇ ಇದೆ, ಮನಸ್ಸಿಗೆ ಏನೋ ಬೇಜಾರು ಅಂತ ಮಾತ್ರೆ ಬರೆದುಕೊಟ್ಟರು. ಇಪ್ಪತ್ತು ದಿನ ಆದ ಮೇಲೆ ಅವಳನ್ನು ಒಳಗೆ ಕರೆದೊಯ್ಯಲು ಆಗಲಿಲ್ಲ. ಮೂಟೆ ಹೊರುವ ಇಬ್ಬರು ಬಂದು ಎತ್ತಲು ನೋಡಿದರು. ಒಬ್ಬ ಸೊಂಟ ಹಿಡಿದುಕೊಂಡು ಕೂತ. ಇನ್ನೊಬ್ಬ ಹೊರಟೇಹೋದ.

ಮಲ್ಲ ಕೈಕಟ್ಟಿ ಕೂತಿರಲಿಲ್ಲ, ಅದನ್ನೂ ಹೇಳಬೇಕು. ನರ್ಸರಿಯಿಂದ ಸಸಿ ತಂದ. ಅವಳ ಎದುರೇ ನೆಟ್ಟು, ನೀರು ಹಾಕಿ, ನೆಲಕ್ಕೆ ಹಣೆ ಹಚ್ಚಿದ. "ಇದಕ್ಕೆ ಬನ್ನಿ. ಇದು ನಿಮ್ದೇ." ಮೂರನೇ ದಿನಕ್ಕೆ ಸಸಿ ಕರಟಿತು. ಇನ್ನೊಂದು ನೆಟ್ಟ. ಅದೂ ಕರಟಿತು. ಹನ್ನೊಂದು ಸಸಿ ನೆಟ್ಟ ಮಾರಾಯ. ಅಷ್ಟು ಜನಕ್ಕೆ ಆ ಕಡ್ಡಿ ಎಲ್ಲಿ ಸಾಕಾಗಬೇಕು.

ಕೊನೆಗೆ ಮರ ಕೊಯ್ಯುವ ಸಾಮಿಲ್ಲಿನ ಮುದುಕನೊಬ್ಬ ಅವನನ್ನು ಪಕ್ಕಕ್ಕೆ ಕರೆದ. "ಎಬ್ಬಿಸೋ ಮಾತು ನಿಂಗೊಬ್ಬನಿಗೇ ಬರೋದು. ಹೋಗಿ ಹೇಳು."

ಆ ಸಂಜೆ, ಬೆಳಕಿರುವಾಗಲೇ, ಮಲ್ಲ ಕೊಡಲಿ ದೂರ ಇಟ್ಟ. ಚಪ್ಪಲಿ ಬಿಟ್ಟ. ಅಕ್ಕನ ಪಾದದ ಮೇಲೆ ಒಂದು ಚೊಂಬು ನೀರು ಹಾಕಿದ. ಪಾದ ಅರ್ಧ ಮಣ್ಣಿನೊಳಗಿತ್ತು. ಗುಟುಕ್... ಗುಟುಕ್... ಅವಳ ಭುಜದ ಮೇಲೆ ಅಂಗೈ ಇಟ್ಟ.

"ನಾಳೆ ಬೆಳಿಗ್ಗೆ..."

ಅಲ್ಲಿಗೆ ನಿಂತ. ಮುಂದಿನ ಮಾತು ಯಾವುದು, ನಿಮಗೆ ಗೊತ್ತು. ಅದನ್ನು ಆಡದಿದ್ದರೆ ಯಾರೂ ಏಳುವುದಿಲ್ಲ. ಆಡಿದ ಮೇಲೆ ಮಾಡದೆ ಬಿಡುವ ಹಾಗಿಲ್ಲ, ಇಪ್ಪತ್ತಾರು ವರ್ಷದಲ್ಲಿ ಅವನು ಹೇಳಿ ಕಡಿಯದೆ ಬಿಟ್ಟ ಮರವಿಲ್ಲ. ಅಂಗೈ ಅಲ್ಲೇ ಇತ್ತು. ತಾಯಿಯಂಥವಳ ಹೆಗಲು ಅದು.

ಆಗ ಅಕ್ಕ ಬಾಯಿ ಬಿಟ್ಟಳು. ಬೇರೆ ಯಾರ ದನಿಯೂ ಅಲ್ಲ, ಅವಳದೇ. ಅದೇ ಅಂತಃಕರಣ.

"ಬಿಡೋ... ಪಾಪ, ಎಲ್ಲಿಗೆ ಹೋಗ್ತಾರೆ."

ಆಮೇಲೆ ಅವಳು ಮಾತಾಡಿಲ್ಲ. ಇವತ್ತಿಗೂ ಇಲ್ಲ. ಮಲ್ಲ ಕೊಡಲಿ ಮಾರಿದ, ಅದೇ ಗೋದಾಮಿನಲ್ಲಿ ಕಾವಲಿಗೆ ಸೇರಿದ. ಬೆಳಿಗ್ಗೆ ಸಂಜೆ ಅವಳಿಗೆ ನೀರು ಹಾಕುತ್ತಾನೆ. ಕುಡಿಸುತ್ತೀನಿ ಅಂತ ಮೊದಮೊದಲು ಹೇಳುತ್ತಿದ್ದ. ಈಗ ಅವನ ಬಾಯಲ್ಲೂ ಹಾಕುತ್ತೀನಿ ಅಂತಲೇ ಬರುತ್ತದೆ.

ಹೋದ ಬೇಸಿಗೆಯಲ್ಲಿ ನಾನೇ ಹೋಗಿದ್ದೆ. ರಸ್ತೆ ಈಗ ಮಲ್ಲನ ಮನೆ ಮುಂದಿನವರೆಗೂ ಮೈದಾನದ ಹಾಗಿದೆ. ಮಟಮಟ ಮಧ್ಯಾಹ್ನ, ಒಂದು ಮರವಿಲ್ಲ, ಒಂದು ಚಪ್ಪರವಿಲ್ಲ. ಬಸ್ಸಿಗೆ ಕಾಯುವವರು ನಿಲ್ದಾಣ ಬಿಟ್ಟು ಮಲ್ಲನ ಅಂಗಳದ ಬೇಲಿಯ ಹತ್ತಿರ ಬಂದು ನಿಂತಿದ್ದರು. ಯಾಕೆ ಅಂತ ಅವರೂ ಯೋಚಿಸಿದ ಹಾಗಿರಲಿಲ್ಲ. ನಾನು ಹೋಗಿ ಅಕ್ಕನ ಪಕ್ಕ ನಿಂತೆ. ನೆಲ ತಣ್ಣಗಿತ್ತು. ಸುತ್ತ ನೋಡಿದೆ... ಅಂಗಳದ ತುಂಬ ನೆರಳು. ದುಂಡಗೆ, ಬೇಲಿ ದಾಟಿ ಅರ್ಧ ರಸ್ತೆವರೆಗೆ. ಮಲ್ಲ ಒಬ್ಬನೇ ಆ ಕಡೆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕರೆದೆ. ಬರಲಿಲ್ಲ.

"ಅಕ್ಕಾ, ನಾನು ಕಣೇ, ನಿನ್ನ ಚಿಕ್ಕಮ್ಮನ ಮಗ," ಅಂದೆ. ಅವಳು ರಸ್ತೆ ನೋಡುತ್ತಲೇ ಇದ್ದಳು.

ಅಷ್ಟರಲ್ಲಿ ನನ್ನ ಭುಜದ ಮೇಲೆ ಪಚ್ ಅಂತ ಏನೋ ಬಿತ್ತು. ಹಕ್ಕಿ ಹಿಕ್ಕೆ. ಬೆಚ್ಚಗಿತ್ತು ಇನ್ನೂ. ತಲೆ ಎತ್ತಿದೆ. ಬರೀ ಆಕಾಶ.

ನಗಬೇಡಿ. ಅಂಗಿ ನಮ್ಮ ಮನೆಯಲ್ಲೇ ಇದೆ, ನಾಲ್ಕು ಸಲ ಒಗೆಸಿದ್ದೀನಿ. ಬೆಳಗಾಗಲಿ, ತೋರಿಸುತ್ತೀನಿ. ಕಲೆಯ ನಡುವೆ ಎರಡು ಆಲದ ಹಣ್ಣಿನ ಬೀಜ ಅಂಟಿಕೊಂಡಿದೆ.