ತಮ್ಮನ ಗುರುತು

ಆಸ್ಪತ್ರೆಯ ಮೊಗಸಾಲೆಯನ್ನು ನಾನು ಸದ್ದಿಲ್ಲದೆ ಒರೆಸುತ್ತಿದ್ದೆ. ಬೆಂಚಿನ ಮೇಲೆ ಒಬ್ಬ ತಾಯಿ, ಜ್ವರದಲ್ಲಿ ನಡುಗುತ್ತಿದ್ದ ಮಗಳು.

"ಮಾತ್ರೆ ಯಾಕೇ ಬಿಟ್ಟೆ?"

"ತಮ್ಮ ಕೊಟ್ಟ ಕಿಡ್ನಿ ಹೊರಗಿನದು ಅಂತ ನನ್ನ ಮೈಗೆ ಗೊತ್ತಾಗಬಾರದು, ಅದಕ್ಕೇ ಆ ಮಾತ್ರೆ ಅಂದಿದ್ರು ಡಾಕ್ಟ್ರು. ಅವನು ಸತ್ತ ಮೇಲೆ ನುಂಗೋಕೆ ಮನಸ್ಸು ಬರಲಿಲ್ಲಮ್ಮ."

"ಅಂದ್ರೆ?"

"ಅವನನ್ನ ಎತ್ತಿ ಆಡಿಸಿದ ಮೈ ಇದು. ಗುರುತು ಸಿಗಲಿ ಅಂತ ಬಿಟ್ಟೆ."

"ಸಿಕ್ತಾ, ಜಾಣೆ?"

"ಸಿಕ್ತು. ಆಚೆ ಹಾಕ್ತಾ ಇದೆ."

ತಾಯಿ ಮಗಳ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು, ಮಲಗಿದ ಮಗುವನ್ನು ತಟ್ಟುವಂತೆ ಮೆಲ್ಲಗೆ ತಟ್ಟತೊಡಗಿದಳು.

ನರ್ಸ್ ಬಂದು ಮಗಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೊರಟಳು. ನನ್ನ ಒದ್ದೆ ನೆಲದ ಮೇಲೆ ತಾಯಿ ಹಿಂದೆಯೇ ಓಡಿದಳು.

"ಸಿಸ್ಟರ್, ಅವನನ್ನ ತೆಗೀಬೇಡಿ ಅಂತ ಡಾಕ್ಟ್ರಿಗೆ ಹೇಳಮ್ಮ."